ಫರ್ಸಿ ಕಿತ್ತ ಅಂಗಳ

ನಾನು ಆರೋಗ್ಯ ಇಲಾಖೆಯಲ್ಲಿ ಹಳ್ಳಿಹಳ್ಳಿ ತಿರುಗುವ ನರ್ಸ್ ಆಗಿದ್ದೆ. ನರೋಣಾ, ಅತನೂರ, ಕರಜಗಿ, ಕೊನೆಗೆ ಜೇವರ್ಗಿ ಕಡೆಯ ಒಂದು ಸಣ್ಣ ಊರು. ವರ್ಗವಾದಲ್ಲೆಲ್ಲ ಬಾಡಿಗೆ ಮನೆ. ಮಳೆ ಬಂದರೆ ಅಂಗಳದ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಿಡುವುದೇ ಕಷ್ಟವಾಗುತ್ತಿತ್ತು. ನಮ್ಮ ಮನೆಯವರು ಬಸ್ ಕಂಡಕ್ಟರ್. ದಿನವಿಡೀ ಮಂದಿಯ ಕೆಸರುಗಾಲುಗಳ ನಡುವೆ ನಿಂತು ಬಂದವರಿಗೆ ಮನೆಯಲ್ಲೂ ಅದೇ ಕೆಸರು ಕಾದಿರುತ್ತಿತ್ತು. ಹೀಗಾಗಿ ಇಬ್ಬರೂ ನಿವೃತ್ತರಾಗಿ, ಆಳಂದದ ಹೊರಗೆ ಕೆರೆಯ ಬದಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ಅವರು ಕೇಳಿದ್ದು ಒಂದೇ. ಅಡುಗೆಮನೆ, ಕಿಟಕಿ, ದೇವರ ಜಗಲಿ ಎಲ್ಲ ನಿನಗೆ ಬೇಕಾದ ಹಾಗೆ ಮಾಡಿಸಿಕೋ, ಅಂಗಳಕ್ಕೆ ಮಾತ್ರ ಪೂರ್ತಿ ಫರ್ಸಿ ಹಾಕಿಸಬೇಕು ಅಂದರು.

ಫರ್ಸಿ ಅಂದರೆ ನಮ್ಮ ಕಡೆಯ ಬೂದು ಹಾಸುಗಲ್ಲು. ಗೋಡೆಯ ಬುಡದಿಂದ ಕಂಪೌಂಡಿನ ತನಕ ಒಂದು ಅಂಗೈ ಮಣ್ಣು ಕಾಣದಂತೆ ಹಾಕಿಸಿದೆವು. ಗೌಂಡಿ ಬಹಳ ಹಳೆಯ ಕೈ. ದಾರ ಹಿಡಿದು, ಕೆರೆಯ ಕಡೆಗೆ ಇಳಿಜಾರು ಕೊಟ್ಟು, ಕಲ್ಲು ಕಲ್ಲಿನ ನಡುವೆ ಸಿಮೆಂಟು ತುಂಬಿ, ಕೆಲಸ ಮುಗಿದ ದಿನ ಒಂದು ಕೊಡ ನೀರು ಸುರಿದು ತೋರಿಸಿದ. ನೀರು ಹಾವಿನಂತೆ ಸರಸರ ಹರಿದು ಕಂಪೌಂಡಿನ ತೂತಿನಿಂದ ಆಚೆ ಹೋಯಿತು.

"ನೋಡ್ರಿ ಅಕ್ಕೋರ, ಒಂದ ಹನಿ ನಿಂತ್ರ ನನ್ನ ಹೆಸರ ತಗೀಬ್ಯಾಡ್ರಿ," ಅಂದ.

ನಮ್ಮವರು ಅಂದು ಬರಿಗಾಲಲ್ಲಿ ಅಂಗಳದ ತುಂಬ ಅಡ್ಡಾಡಿದರು. ನೀರು ಕಂಪೌಂಡಿನ ಆಚೆ ಎಲ್ಲಿಗೆ ಹೋಗುತ್ತದೆ ಎಂದು ನಾವಿಬ್ಬರೂ ಕೇಳಲಿಲ್ಲ. ಗೌಂಡಿಯೂ ಹೇಳಲಿಲ್ಲ.

ಬಡಾವಣೆ ಇರುವುದು ಇಳಿಜಾರಿನಲ್ಲಿ. ಮೇಲೆ ರಸ್ತೆ, ರಸ್ತೆಯ ಕೆಳಗೆ ನಮ್ಮ ಮನೆಗಳ ಸಾಲು, ಸಾಲಿನ ಕೆಳಗೆ ಕೆರೆ. ನಮ್ಮ ಮನೆಗೂ ಕೆರೆಗೂ ನಡುವೆ ಒಂದೇ ಒಂದು ಹಳೆಯ ಮನೆ ಇತ್ತು. ಬಡಾವಣೆ ಆಗುವ ಮೊದಲಿನಿಂದಲೂ ಇದ್ದದ್ದು, ಎರಡು ಕೋಣೆ, ಮಣ್ಣಿನ ಗೋಡೆ, ತಗಡಿನ ಮಾಳಿಗೆ. ಅಲ್ಲಿ ಗಂಡ ಹೆಂಡತಿ ಇದ್ದರು. ಗಂಡ ಕೆರೆಯಲ್ಲಿ ಬಲೆ ಹಾಕುತ್ತಿದ್ದ, ಹೆಂಡತಿ ಮೀನು ಬುಟ್ಟಿಯಲ್ಲಿಟ್ಟುಕೊಂಡು ಪೇಟೆಗೆ ಹೋಗುತ್ತಿದ್ದಳು. ನನಗಿಂತ ಏಳೆಂಟು ವರ್ಷ ಸಣ್ಣವಳು. ನಾವು ಲಿಂಗ ಕಟ್ಟಿದವರು, ಮನೆಯಲ್ಲಿ ಮೊಟ್ಟೆಯನ್ನೂ ತಂದವರಲ್ಲ. ದಾರಿಯಲ್ಲಿ ಸಿಕ್ಕರೆ "ಆರಾಮರಿ?" "ಆರಾಮ" ಅನ್ನುವಷ್ಟು ಮಾತು. ಹಳ್ಳಿಗಳಲ್ಲಿ ಎಲ್ಲ ಜಾತಿಯವರ ಬಾಣಂತಿ ಕೋಣೆಗಳಿಗೂ ಹೋಗಿ ಬಂದವಳು ನಾನು. ಆದರೆ ಹತ್ತು ಹೆಜ್ಜೆ ಕೆಳಗಿದ್ದ ಆ ಮನೆಗೆ ಆರು ತಿಂಗಳಾದರೂ ಕಾಲಿಟ್ಟಿರಲಿಲ್ಲ. ಕಾರಣ ಕೇಳಿದರೆ ಕೆಲಸ ಇರಲಿಲ್ಲ ಅಂತ ಹೇಳುತ್ತಿದ್ದೆನೇನೋ.

ಮಳೆಗಾಲ ಶುರುಮಾಡುವ ಮಿರಗದ ಮಳೆ ಆ ವರ್ಷ ಒಂದು ಮಧ್ಯಾಹ್ನ ಬಂತು. ಗಾಳಿ ಎದ್ದು, ಕತ್ತಲೆಯಾಗಿ, ಒಂದು ತಾಸು ಬಿಡದೆ ಹೊಡೆಯಿತು. ನಾವು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆವು. ಮಾಳಿಗೆಯ ನೀರು ನಾಲ್ಕೂ ಕೊಳವೆಗಳಿಂದ ಫರ್ಸಿಗೆ ಬಿದ್ದು, ಮೇಲಿನ ರಸ್ತೆಯ ನೀರೂ ಗೇಟಿನ ಕೆಳಗಿನಿಂದ ನುಗ್ಗಿ ಅದಕ್ಕೆ ಕೂಡಿ, ಅಂಗಳ ಪೂರ್ತಿ ಒಂದು ಹಾಳೆಯಂತೆ ಜಾರಿ ಹೋಗುತ್ತಿತ್ತು. ಮಳೆ ನಿಂತು ಐದು ನಿಮಿಷಕ್ಕೆ ಕಲ್ಲು ತೊಳೆದಿಟ್ಟಂತಾಗಿತ್ತು. ನಮ್ಮವರು ಚಹಾ ಮಾಡು ಅಂದರು.

ಚಹಾ ಕುಡಿಯುತ್ತಿರುವಾಗಲೇ ಕೆಳಗಿನ ಮನೆಯಾಕೆ ಗೇಟು ತೆಗೆದು ಬಂದಳು. ಸೀರೆ ಮೊಣಕಾಲ ತನಕ ಒದ್ದೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ. ಅದನ್ನು ಕಟ್ಟೆಯ ಮೇಲೆ ಇಟ್ಟಳು. ಒಳಗೆ ನಮ್ಮವರ ಒಂದು ಚಪ್ಪಲಿ, ಬಟ್ಟೆ ಒಗೆಯುವ ಬ್ರಷ್, ಅರ್ಧ ಸಾಬೂನು, ಹೂವಿನ ಕುಂಡದ ಒಂದು ಚೂರು.

"ನಿಮ್ಮ ಸಾಮಾನು ನಮ್ಮ ಮನಿಗಿ ಬಂದಿದ್ವು. ತಗೋರಿ," ಅಂದಳು.

"ಅಯ್ಯ, ಮನಿತನಕ ಬಂತಾ?" ಅಂದೆ.

"ಮನಿ ಒಳಗ ಬಂತ್ರಿ. ಹಿಟ್ಟಿನ ಡಬ್ಬಿ ತೇಲ್ಯಾಡತು. ಪಡಸಾಲಿ ಗೋಡಿ ಮೂಲಿ ಕುಸದದ."

ನಮ್ಮವರು ಎದ್ದು ನಿಂತರು. ಕಂಡಕ್ಟರ್ ಆಗಿದ್ದವರ ಧ್ವನಿ ಸ್ವಲ್ಪ ದೊಡ್ಡದೇ. "ಮಳಿ ನಾವ ತರಿಸೇವೇನವಾ? ನೀರು ಇಳಕಲಿಗಿ ಹೋಗ್ತದ. ಅದಕ್ಕ ನಾವೇನ ಮಾಡಾಮು?"

ಅವಳು ಧ್ವನಿ ಏರಿಸಲಿಲ್ಲ. "ಮಳಿ ದ್ಯಾವ್ರದು ಖರೆ ಅದ ಸಾಹೇಬ್ರ. ಮೊದ್ಲೂ ಬರ್ತಿತ್ತು, ನಾವೂ ಇಲ್ಲೇ ಇದ್ದೆವು. ಈ ದಾರಿ ಮಾತ್ರ ನೀವ ಮಾಡಿದ್ದು." ಬೆರಳಿನಿಂದ ಫರ್ಸಿ ತೋರಿಸಿ ಹೊರಟು ಹೋದಳು. ಬುಟ್ಟಿ ಅಲ್ಲೇ ಉಳಿಯಿತು.

ಬುಟ್ಟಿ ಮರಳಿಸುವ ನೆಪದಿಂದ ನಾನು ಕೆಳಗೆ ಹೋದೆ. ನಮ್ಮ ಕಂಪೌಂಡಿನ ತೂತಿನಿಂದ ಅವಳ ಮನೆಯ ಮೂಲೆಯ ತನಕ ಮೊಣಕಾಲು ಆಳದ ಕೊರಕಲು ಬಿದ್ದಿತ್ತು. ಗೋಡೆಯ ಬುಡದ ಮಣ್ಣು ಹೋಗಿ ಒಳಗಿನ ಕಲ್ಲು ಕಾಣುತ್ತಿತ್ತು. ಅಲ್ಲಿಂದ ಮುಂದೆ ನೀರು ಕೆರೆಗೆ ಇಳಿದ ಜಾಗದಲ್ಲಿ ಕರಿಮಣ್ಣು ಬೀಸಣಿಗೆಯಂತೆ ಹರಡಿ, ಅದರ ಮೇಲೆ ಸಾಬೂನಿನ ನೊರೆ, ಗುಟಕಾ ಚೀಟಿ, ಮೇಲಿನ ರಸ್ತೆಯ ಸೆಗಣಿ ಎಲ್ಲ ಸೇರಿಕೊಂಡಿದ್ದವು. ಅವಳ ಗಂಡ ಬಲೆ ಒಣಗಿಸುತ್ತಿದ್ದ ದಂಡೆ ಆ ಮಣ್ಣಿನ ಕೆಳಗೆ ಹೋಗಿತ್ತು. ಅವನು ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದ.

ನನ್ನ ಕೆಲಸದ ಕಾಲದಲ್ಲಿ ನಾನು ಎಷ್ಟು ಮನೆಗಳಿಗೆ ಹೋಗಿ, ಬಚ್ಚಲ ನೀರು ಓಣಿಗೆ ಬಿಡಬೇಡಿರಿ, ಗುಂಡಿ ತೋಡಿರಿ, ಮಂದಿಯ ಬಾಗಿಲಿಗೆ ಹೊಲಸು ಕಳಿಸಬೇಡಿರಿ ಎಂದು ಹೇಳಿದ್ದೆನೋ ಲೆಕ್ಕವಿಲ್ಲ. ಕೆಲವು ಕಡೆ ಗಟ್ಟಿಯಾಗಿಯೇ ಬೈದಿದ್ದೆ. ಅಂಥವಳ ಮನೆಯ ಕೊಳೆ ಈಗ ಇನ್ನೊಬ್ಬರ ಪಡಸಾಲೆಯಲ್ಲಿ ನಿಂತಿತ್ತು.

ನಮ್ಮವರು ಒರಟು ಮಾತಾಡುತ್ತಾರೆಯೇ ಹೊರತು ಕೆಟ್ಟವರಲ್ಲ. ಎರಡು ದಿನ ಬಿಟ್ಟು ಗೌಂಡಿಯನ್ನು ಕರೆಸಿ, ಅವಳ ಗೋಡೆಯ ಮೂಲೆ ಕಟ್ಟಿಸಿಕೊಟ್ಟರು. ನಮ್ಮ ನೀರಿಗೆ ಒಂದು ದಪ್ಪ ಪೈಪು ಹಾಕಿ, ಅವಳ ಮನೆಯನ್ನು ಬಳಸಿಕೊಂಡು ಸೀದಾ ಕೆರೆಗೆ ಬಿಡಿಸಿದರು. "ಈಗ ಯಾರಿಗೂ ತಂಟೆ ಇಲ್ಲ," ಅಂದರು. ನಾನೂ ಹಾಗೇ ಅಂದುಕೊಂಡೆ.

ಪೈಪಿನಿಂದ ಅವಳ ಮನೆ ಉಳಿದದ್ದು ನಿಜ. ಆದರೆ ಮುಂದಿನ ಪ್ರತಿ ಮಳೆಗೂ ಪೈಪಿನ ಬಾಯಿಂದ ಕರಿ ನೀರು ಚಿಮ್ಮಿ ಕೆರೆಗೆ ಬೀಳುತ್ತಿತ್ತು. ನಮ್ಮ ಸಾಲಿನ ಬೇರೆ ಮನೆಗಳವರೂ ನಮ್ಮದನ್ನು ನೋಡಿ ಪೈಪು ಹಾಕಿಸಿದರು. ಆಷಾಢದಲ್ಲಿ ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದಾಗ ದಂಡೆಯ ನೀರು ಹಸಿರು ಬಣ್ಣ ಅರೆದು ಬಿಟ್ಟಂತಾಯಿತು. ಗಾಳಿ ನಮ್ಮ ಕಡೆ ಬೀಸಿದರೆ ಕಿಟಕಿ ತೆರೆಯಲು ಆಗುತ್ತಿರಲಿಲ್ಲ. ಒಂದು ಮುಂಜಾನೆ ದಂಡೆಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅವಳು ಅವನ್ನು ಜರಡಿಯಲ್ಲಿ ತೆಗೆದು ದಂಡೆಗೆ ಹಾಕುತ್ತಿದ್ದಳು. ನಾನು ಕಂಪೌಂಡಿನ ಈಚೆಯಿಂದ ಕೇಳಿದೆ, "ನಮ್ಮ ಪೈಪಿಲಿಂದ ಆಗಿದ್ದೇನ ಇದು?"

"ನಿಮ್ಮೊಬ್ಬರದ ಅಂತ ಹ್ಯಾಂಗ ಹೇಳ್ಲಿರಿ ಅಕ್ಕೋರ? ಎಲ್ಲಾರದೂ ಬರಾಕತ್ತದ. ನಮ್ಮ ಮನಿ ಉಳೀತು, ಅದಕ್ಕ ಬಾಯಿ ಮುಚ್ಚಿಕೊಂಡು ಕುಂತೇವಿ," ಅಂದಳು. ತಲೆ ಎತ್ತಲಿಲ್ಲ.

ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನವೇ ಪೈಪಿನ ಬಾಯಿಗೆ ಚಿಂದಿ ತುರುಕಿ ಮುಚ್ಚಿದೆ. ನಮ್ಮವರಿಗೆ ಹೇಳಲಿಲ್ಲ.

ಆಮೇಲೆ ನಾನು ಬಲ್ಲ ಉಪಾಯವನ್ನೇ ಮಾಡಿದೆ. ಹಳ್ಳಿಗಳಲ್ಲಿ ಹೇಳುತ್ತಿದ್ದ ಹಾಗೆ ಅಂಗಳದ ಕೆಳ ಮೂಲೆಯಲ್ಲಿ ನಾಲ್ಕು ಫರ್ಸಿ ಎತ್ತಿಸಿ ಸೊಂಟ ಆಳದ ಗುಂಡಿ ತೋಡಿಸಿದೆ, ಕಲ್ಲು ತುಂಬಿಸಿದೆ, ಮಾಳಿಗೆಯ ನೀರನ್ನು ಅದಕ್ಕೆ ತಿರುಗಿಸಿದೆ. ಮಳೆ ಬಂತು, ಗುಂಡಿ ತುಂಬಿತು. ನೀರು ಇಳಿಯಲೇ ಇಲ್ಲ. ನಮ್ಮದು ಎರೆಮಣ್ಣು. ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ, ನೆನೆದರೆ ಬೆಣ್ಣೆಯಂತೆ ಮುಚ್ಚಿಕೊಳ್ಳುತ್ತದೆ. ಹತ್ತು ದಿನ ಕಳೆದು ಬಗ್ಗಿ ನೋಡಿದರೆ ಕಲ್ಲುಗಳ ನಡುವಿನ ನೀರಿನಲ್ಲಿ ಸೊಳ್ಳೆಯ ಹುಳ ಕುಣಿಯುತ್ತಿದ್ದವು. ಹಳ್ಳಿಗಳಲ್ಲಿ ಇದೇ ಹುಳವನ್ನು ಬಾಟಲಿಯಲ್ಲಿ ಹಿಡಿದು, ನೋಡಿರಿ, ಇವೇ ನಿಮಗೆ ಜ್ವರ ತರುವವು, ಎಂದು ತೋರಿಸಿದವಳು ನಾನು. ನಮ್ಮವರು ಬಂದು ನೋಡಿ ನಕ್ಕರು. "ಸರ್ಕಾರಿ ಗುಂಡಿ," ಅಂದರು. ನನಗೂ ನಗು ಬಂತು, ಸಿಟ್ಟೂ ಬಂತು. ಕೊಡ ಹಿಡಿದು ಆ ನೀರು ತೋಡಿ ಹಿತ್ತಲ ಗಿಡಗಳಿಗೆ ಹಾಕಿದೆ. ಅರ್ಧ ದಿನ ಹಿಡಿಯಿತು.

ನಾನು ನೀರು ತೋಡುವುದನ್ನು ಕೆಳಗಿನಾಕೆ ನೋಡಿದ್ದಳು. ಮರುದಿನ ಪೇಟೆಯಿಂದ ಬರುವಾಗ ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಗೇಟಿನಲ್ಲಿ ನಿಂತಳು.

"ಗುಂಡಿ ಎಷ್ಟ ಆಳ ತಗಸೀರಿ?"

"ಸೊಂಟಮಟ."

"ಸಾಕಾಗಂಗಿಲ್ರಿ. ಇಲ್ಲಿ ಎರಿ ಭಾಳ ಅದ. ನಮ್ಮ ಮನಿ ಪಾಯಾ ತೋಡಬೇಕಾದ್ರ ಆಳು ನಿಂತ್ರ ತಲಿ ಕಾಣಂಗಿದ್ದಿಲ್ಲ, ಅಷ್ಟ ಆಳಕ್ಕ ಗರಸು ಹತ್ತಿತ್ತು. ಗರಸಿನಾಗ ನೀರು ನಿಂದರಂಗಿಲ್ಲ. ಕುಡದು ಬಿಡ್ತದ."

ಗರಸು ಅಂದರೆ ಎರೆಯ ಕೆಳಗಿನ ಸಣ್ಣ ಕಲ್ಲಿನ ಹಳದಿ ಮಣ್ಣು. ಕರಜಗಿಯ ಕಡೆ ನಮ್ಮಪ್ಪನ ಹೊಲದಲ್ಲಿ ಬಾವಿ ತೋಡಿದಾಗ ನಾನೂ ನೋಡಿದ್ದೆ. ನೆನಪಾಗಿರಲಿಲ್ಲ. ಅಪ್ಪ ಹೊಲಕ್ಕೆ ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುತ್ತಿದ್ದದ್ದೂ ಆಗಲೇ ನೆನಪಾಯಿತು. ನೀರು ಹೊಲ ಬಿಟ್ಟು ಓಡಿದರೆ ಮಣ್ಣು ಒಯ್ಯುತ್ತದೆ ಎಂದು ಬೇಸಿಗೆಯ ಬಿಸಿಲಲ್ಲಿ ಒಡ್ಡಿನ ಮೇಲೆ ನಿಂತು ಸಲಿಕೆ ಆಡಿಸುತ್ತಿದ್ದ. ಅಂಥವನ ಮಗಳು ನಾನು, ಇಳಿಜಾರಿನ ಮನೆಗೆ ಕೆರೆಯ ತನಕ ಕಲ್ಲಿನ ಜಾರುಬಂಡೆ ಮಾಡಿಸಿದ್ದೆ.

ಬೇರೆ ದಾರಿಯಿಲ್ಲದೆ ಪೈಪಿನ ಚಿಂದಿ ಕಿತ್ತು ತೆಗೆದೆ, ಆ ಮಳೆಗಾಲ ಹಾಗೇ ಹೋಯಿತು. ಮುಂದಿನ ಬೇಸಿಗೆಯಲ್ಲಿ ಗೌಂಡಿಯನ್ನು ಮತ್ತೆ ಕರೆಸಿದೆ. ಕೆಳಗಿನ ಅರ್ಧ ಅಂಗಳದ ಫರ್ಸಿ ಕೀಳಬೇಕು ಅಂದೆ. ಅವನು ಕೆಲಸಕ್ಕೆ ಕೈ ಹಚ್ಚದೆ ಅಲ್ಲೇ ಕೂತ.

"ನಾನ ಹಾಕಿದ್ದ ನಾನ ಹ್ಯಾಂಗ ಕೀಳ್ಲಿರಿ ಅಕ್ಕೋರ? ಏನ ತಪ್ಪಾಗ್ಯದ ಹೇಳ್ರಿ. ಎಲ್ಲ್ಯರ ನೀರು ನಿಂತದೇನು?"

"ನೀರು ನಿಂದರವಲ್ದು ಅಂತನ ಕೀಳಸಾಕತ್ತೇನಿ," ಅಂದೆ.

ನಮ್ಮವರ ಜೊತೆಗೆ ಮಾತು ಇದಕ್ಕಿಂತ ಕಷ್ಟವಾಯಿತು. ಅವರು ಮೂರು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. "ಜಲ್ಮ ಪೂರ್ತಿ ಕೆಸರು ತುಳದೀನಿ. ಮನಿ ಅಂಗಳ ಒಂದು ಸಾಫ್ ಇರಲಿ ಅಂದ್ರ ಅದೂ ಬ್ಯಾಡೇನ ನಿನಗ?" ಅಂದರು. ಅದು ಸುಳ್ಳಲ್ಲ. ನಾಲ್ಕನೆಯ ದಿನ ಅವರನ್ನು ಕರೆದುಕೊಂಡು ಕೆರೆಯ ದಂಡೆಗೆ ಹೋದೆ. ಬೇಸಿಗೆ, ನೀರು ಹಿಂದೆ ಸರಿದಿತ್ತು. ನಮ್ಮ ಸಾಲಿನ ಪೈಪುಗಳ ಮುಂದೆ ಒಂದೊಂದು ಮಣ್ಣಿನ ದಿಬ್ಬ ಒಣಗಿ ನಿಂತಿತ್ತು. ನಮ್ಮ ಪೈಪಿನ ಮುಂದಿನದು ಎಲ್ಲಕ್ಕಿಂತ ದೊಡ್ಡದು. ಅವರು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

"ಗಾಡಿ ನಿಲ್ಲೂ ಜಾಗಾ, ಜ್ವಾಳ ಒಣಗಿಸೂ ಜಾಗಾ ಬಿಡಬೇಕು. ಬಾಗಿಲಿಂದ ಗೇಟಿನ ತನಕ ಹಾದಿ ಬಿಡಬೇಕು. ಉಳಿದದ್ದು ನಿನ್ನ ಮನಸಿಗಿ ಬಂದಂಗ ಮಾಡು," ಅಂದರು.

ಕೆಲಸ ಎಂಟು ದಿನ ನಡೆಯಿತು. ಗೌಂಡಿ ಹಾರೆಯಿಂದ ಒಂದೊಂದೇ ಕಲ್ಲನ್ನು ಒಡೆಯದಂತೆ ಎಬ್ಬಿಸಿದ. ಸಿಮೆಂಟು ಎಷ್ಟು ಗಟ್ಟಿ ಹಿಡಿದಿತ್ತೆಂದರೆ ಅವನಿಗೇ ತನ್ನ ಕೆಲಸದ ಮೇಲೆ ಸಿಟ್ಟು ಬಂತು. ಮೊದಲಿನ ಗುಂಡಿಯನ್ನು ಕೆಳಗಿನಾಕೆಯ ಗಂಡ ಮತ್ತು ಇನ್ನೊಬ್ಬ ಆಳು ಸೇರಿ ಇನ್ನೂ ಆಳ ತೋಡಿದರು. ಮೂರನೆಯ ದಿನ ಮಧ್ಯಾಹ್ನ ಒಳಗಿನಿಂದ ಹಳದಿ ಮಣ್ಣು ಮೇಲೆ ಬಂತು. ಕೆಳಗಿನಾಕೆ ತಾನೇ ಎರಡು ಕೊಡ ನೀರು ತಂದು ಸುರಿದಳು. ನಾವೆಲ್ಲ ಬಗ್ಗಿ ನೋಡಿದೆವು. ಚಹಾ ಕುಡಿದು ಬರುವಷ್ಟರಲ್ಲಿ ನೀರು ಇರಲಿಲ್ಲ.

"ನಾ ಹೇಳಿದ್ದಿಲ್ಲೇನ್ರಿ?" ಅಂದಳು. ಅವಳು ನಗುವುದನ್ನು ನಾನು ಅಂದೇ ಮೊದಲು ನೋಡಿದ್ದು.

ಗುಂಡಿಗೆ ಕೆಳಗೆ ದೊಡ್ಡ ಕಲ್ಲು, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಮರಳು ತುಂಬಿದೆವು. ಕಿತ್ತ ಜಾಗದಲ್ಲಿ ಅಂಗಳಕ್ಕೆ ಅಡ್ಡವಾಗಿ ಮೊಣಕಾಲಿಗಿಂತ ಗಿಡ್ಡನೆಯ ಎರಡು ಒಡ್ಡು ಹಾಕಿದೆವು. ಒಡ್ಡಿನ ಮೇಲೆ ಕರಕಿ ಹುಲ್ಲು ನೆಟ್ಟೆ. ಕಂಪೌಂಡಿನ ಹೊರಗೆ, ಕೊರಕಲು ಬಿದ್ದ ಜಾಗಕ್ಕೆ ಅವಳು ಹಳ್ಳದ ದಂಡೆಯಿಂದ ಲಕ್ಕಿ ಗಿಡದ ಟೊಂಗೆ ಕಡಿದು ತಂದು ಊರಿದಳು. ಕೆರೆಯ ಅಂಚಿಗೆ ಜೇಕು ಹುಲ್ಲು ಬೆಳೆಯಲು ಬಿಡಬೇಕು, ಕೀಳಬಾರದು, ಅದು ಮಣ್ಣು ಹಿಡಿಯುತ್ತದೆ, ಅದರ ಬುಡದಲ್ಲಿ ಮೀನು ಮರಿ ಇರುತ್ತವೆ ಅಂದಳು. ಹೊಲದಲ್ಲಿ ಜೇಕು ಕಂಡರೆ ಬೈದುಕೊಂಡು ಕೀಳುವ ಮನೆತನ ನಮ್ಮದು. ಆದರೂ ಒಪ್ಪಿದೆ. ಬಟ್ಟೆ ಒಗೆಯುವ ಕಲ್ಲನ್ನು ಮುಂದಿನಿಂದ ಹಿತ್ತಲಿಗೆ ಸರಿಸಿ, ಆ ನೀರನ್ನು ಬಾಳೆಯ ಬುಡಕ್ಕೆ ಬಿಟ್ಟೆ. ಪೈಪಿನ ಬಾಯಿಗೆ ಗೌಂಡಿ ಸಿಮೆಂಟು ಹಾಕಿ ಕಾಯಂ ಮುಚ್ಚಿದ.

ಕಿತ್ತ ಫರ್ಸಿಯನ್ನು ಅವಳ ಮನೆಯ ಸುತ್ತ ಕಟ್ಟೆ ಎತ್ತರಿಸಲು ಒಯ್ಯಿ ಅಂದೆ. ಮೊದಲು ಒಲ್ಲೆ ಅಂದಳು. "ಸುಮ್ಮ ಯಾಕ ತಗೋಲಿರಿ?" ಗಂಡ ಗುಂಡಿ ತೋಡಿದ್ದಾನಲ್ಲ, ನೀನು ಗಿಡ ಹಚ್ಚಿದ್ದೀಯಲ್ಲ ಎಂದು ಹೇಳಿದ ಮೇಲೆ ಒಪ್ಪಿದಳು. ಗೌಂಡಿ ಎರಡು ದಿನ ಹೆಚ್ಚಿಗೆ ನಿಂತು ಅದನ್ನೂ ಕಟ್ಟಿಕೊಟ್ಟ.

ಆ ವರ್ಷದ ಮಿರಗ ಸಾಧಾರಣ. ಒಡ್ಡಿನ ಹಿಂದೆ ನೀರು ನಿಂತು ಸಂಜೆಗೆ ಇಳಿಯುತ್ತಿತ್ತು. ನಮ್ಮವರು ಬಾಗಿಲಲ್ಲಿ ನಿಂತು ಹಾದಿಯ ಮೇಲಿನ ಫರ್ಸಿಗೆ ಕೆಸರು ಬಂದಿದೆಯೇ ಎಂದು ನೋಡುತ್ತಿದ್ದರು. ಬಂದಿರಲಿಲ್ಲ.

ನಿಜವಾದ ಮಳೆ ಬಂದದ್ದು ಮಳೆಗಾಲದ ಕೊನೆಗೆ, ಉತ್ತರಿಯಲ್ಲಿ. ಎರಡು ದಿನ ಸಣ್ಣಗೆ ಹನಿದು ಭೂಮಿ ಕುಡಿದು ತುಂಬಿತ್ತು. ಮೂರನೆಯ ದಿನ ಮುಂಜಾನೆ ಹತ್ತು ಗಂಟೆಯ ಹೊತ್ತಿಗೆ ಸುರಿಯಲು ಶುರುವಾಯಿತು. ಗುಂಡಿ ತುಂಬಿತು. ಮೇಲಿನ ಒಡ್ಡು ತುಂಬಿತು. ನೋಡುತ್ತಿದ್ದಂತೆ ನೀರು ಒಡ್ಡನ್ನು ಹತ್ತಿ, ಒಂದು ಕಡೆ ಕರಕಿ ಇನ್ನೂ ಬೇರು ಹಿಡಿಯದ ಜಾಗದಲ್ಲಿ ಕೊರೆಯತೊಡಗಿತು. ನಾನು ಕೊಡೆ ಹಿಡಿದು ಹೊರಗೆ ಹೋಗಿ ಬರಿ ಕೈಯಿಂದ ಮಣ್ಣು ಒತ್ತಿದೆ. ಒತ್ತಿದಷ್ಟೂ ಜಾರಿತು. ಕೆಳಗೆ ಅವಳ ಮನೆ ಕಾಣುತ್ತಿತ್ತು. ಈ ಸಲ ನೀರು ಹೋದರೆ ಅವಳ ಮುಖ ಹೇಗೆ ನೋಡಲಿ ಎಂಬುದೊಂದೇ ತಲೆಯಲ್ಲಿತ್ತು.

ಅಷ್ಟರಲ್ಲಿ ಅವಳೇ ಗೋಣಿಚೀಲ ತಲೆಗೆ ಹಾಕಿಕೊಂಡು ಸಲಿಕೆ ಹಿಡಿದು ಓಡಿ ಬಂದಳು. "ಅಲ್ಲಿ ಹಿಡೀಬ್ಯಾಡ್ರಿ! ಬಾಜೂಕ ಕಡೀರಿ! ನೀರಿಗಿ ಹೋಗಾಕ ಒಂದು ಬಾಯಿ ಬೇಕು!" ಎಂದು ಒದರಿದಳು. ಒಡ್ಡಿನ ಆ ತುದಿಗೆ, ಲಕ್ಕಿ ಗಿಡಗಳು ಇದ್ದ ಕಡೆಗೆ, ಒಂದು ಮೊಳ ಅಗಲ ಕಡಿದಳು. ನೀರು ಅತ್ತ ತಿರುಗಿತು. ಆದರೆ ಕಡಿದ ಬಾಯಿಯೂ ಅಗಲವಾಗತೊಡಗಿತು. "ಕಲ್ಲು ತರ್ರಿ, ಜಲ್ದಿ!"

ನಾನು ಕಲ್ಲಿಗಾಗಿ ತಿರುಗಿದರೆ ನಮ್ಮವರು ಬನಿಯನ್ನಿನಲ್ಲಿ, ಲುಂಗಿ ಎತ್ತಿ ಕಟ್ಟಿ, ಹಿತ್ತಲಲ್ಲಿ ಮಿಕ್ಕಿದ್ದ ಒಂದು ಫರ್ಸಿ ತುಂಡನ್ನು ಎದೆಗೆ ಅವಚಿಕೊಂಡು ಬರುತ್ತಿದ್ದರು. ಪಾದದ ತನಕ ಎರೆಮಣ್ಣು ಮೆತ್ತಿಕೊಂಡಿತ್ತು. ಅದನ್ನು ಬಾಯಿಗೆ ಅಡ್ಡಲಾಗಿ ಹಾಸಿದರು. ಮತ್ತೆ ಹೋಗಿ ಇನ್ನೊಂದು ತಂದರು. ಆರೋ ಏಳೋ ತಂದಿರಬೇಕು. ಅವಳು ಒಂದರ ಮೇಲೊಂದು ಮೆಟ್ಟಿಲಿನಂತೆ ಕೂರಿಸಿದಳು. ನೀರು ಕಲ್ಲಿನ ಮೇಲಿಂದ ಇಳಿದು, ಲಕ್ಕಿಯ ನಡುವೆ ಹರಡಿ, ಹುಲ್ಲು ಮಲಗಿಸುತ್ತಾ ಅವಳ ಮನೆಯ ಬದಿಯಿಂದ ದಾಟಿ ಹೋಯಿತು. ಹೊಸ ಕಟ್ಟೆಯನ್ನು ಮುಟ್ಟಿತು, ಹತ್ತಲಿಲ್ಲ.

ಮೂವರೂ ನೆನೆದು ನಿಂತಿದ್ದೆವು. ನಮ್ಮವರು ಅವಳಿಗೆ, "ಒಳಗ ಬಾರವಾ, ಚಹಾ ಕುಡಿಯಾಮು," ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಸಲಿಕೆ ಇಸಿದುಕೊಂಡು ಬಾಗಿಲು ತೆರೆದೆ. ಒಳಗೆ ಬಂದು, ಕೆಸರು ಆಗುತ್ತದೆ ಎಂದು ಹೊಸ್ತಿಲ ಬಳಿಯೇ ಕೂರಲು ಹೋದಳು. ನಮ್ಮವರು ಕುರ್ಚಿ ಎಳೆದು ಹಾಕಿದರು.

ಇಷ್ಟರಿಂದ ಕೆರೆ ತಿಳಿಯಾಯಿತು ಎಂದು ನಾನು ಹೇಳಲಾರೆ. ನಮ್ಮ ಸಾಲಿನಲ್ಲಿ ಇನ್ನೂ ಪೈಪುಗಳಿವೆ. ತುದಿಯ ಮನೆಯವರು ಬಂದು ನೋಡಿ, "ಛಲೋ ಅದ, ಆದ್ರ ನಮಗ ಕಾರ್ ನಿಲ್ಲಸಬೇಕ್ರಿ," ಎಂದು ಹೋದರು. ಅವರ ಅಂಗಳ ಈಗ ಪೂರ್ತಿ ಸಿಮೆಂಟು. ಪಕ್ಕದ ಮನೆಯ ಮೇಷ್ಟ್ರು ಮಾತ್ರ ಗುಂಡಿ ತೋಡಿಸಿದರು, ಗರಸು ಹತ್ತುವ ತನಕ. ಇನ್ನೊಬ್ಬರು ಮಾಳಿಗೆಯ ನೀರಿಗೆ ದೊಡ್ಡ ಟಾಕಿ ಇಟ್ಟಿದ್ದಾರೆ, ಅದು ಎರಡು ಮಳೆಗೆ ತುಂಬುತ್ತದೆ. ನಮ್ಮ ಮನೆಯ ಕೆಳಗೆ, ಜೇಕು ಬೆಳೆದ ಅಷ್ಟು ಜಾಗದಲ್ಲಿ, ಹಸಿರು ನೀರು ಈಗ ಕಡಿಮೆ. ಆಷಾಢದ ಬಿಸಿಲಿಗೆ ಕಿಟಕಿ ತೆರೆದಿಡಬಹುದು. ಪೈಪುಗಳ ಮುಂದೆ ಇನ್ನೂ ವಾಸನೆ ಇದೆ.

ಗುಂಡಿಯ ಮೇಲಿನ ಮರಳನ್ನು ವರ್ಷಕ್ಕೊಮ್ಮೆ ತೆಗೆದು ತೊಳೆದು ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಮಣ್ಣು ಕಟ್ಟಿ ನೀರು ಇಳಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಆ ಕೆಲಸ ಮಾಡುವಾಗ ಅವಳು ತಲೆ ಸುತ್ತಿ ಕೂತಳು. ರಕ್ತದ ಒತ್ತಡ ನೋಡಿದೆ, ಬಹಳ ಇತ್ತು. ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ ಗುಳಿಗೆ ಬರೆಸಿದೆ. ಆವತ್ತಿನಿಂದ ಸೋಮವಾರ ಮುಂಜಾನೆ ನಾನೇ ಕೆಳಗಿಳಿದು ಅವಳ ಮನೆಗೆ ಹೋಗಿ ನೋಡಿ ಬರುತ್ತೇನೆ. ಪಡಸಾಲೆಯಲ್ಲಿ ಬಲೆಯ ವಾಸನೆ ಇರುತ್ತದೆ, ಅದಕ್ಕೆ ನಾನು ಹೊಂದಿಕೊಂಡಿದ್ದೇನೆ. ಅವಳು ಗುಳಿಗೆ ತಪ್ಪಿಸಿರುತ್ತಾಳೆ, ನಾನು ಬೈಯುತ್ತೇನೆ. "ನಾಳಿಲಿಂದ ಬರೋಬರ್ ತಗೋತೀನ್ರಿ ಅಕ್ಕೋರ," ಅನ್ನುತ್ತಾ ಒಲೆಯ ಮೇಲೆ ಚಹಾಕ್ಕೆ ಇಡುತ್ತಾಳೆ.